ಲಾಳದ ಮೊಳೆ

ಭಾನುವಾರದ ಪಾರ್ಕು. ಕಬ್ಬಿಣದ ಬೇಲಿಗೆ ಬೆನ್ನು ಕೊಟ್ಟು
ನನ್ನ ಹಸಿರು ತಗಡಿನಂಗಡಿ.
ಬ್ಯೂನಸ್ ಐರಿಸ್‌ನ ಜುಲೈ ಚಳಿ, ನದಿಯ ಕಡೆಯ ತೇವ,
ಹಳೇ ಕಾಮಿಕ್ಸೆಲ್ಲ ಗಾಳಿಗಿಟ್ಟ ಹಪ್ಪಳದ ಹಾಗೆ ಮೆತ್ತಗೆ.
ಪ್ಲಾಸ್ಟಿಕ್ ಚೀಲ ತೊಡಿಸಿ, ಬೆನ್ನಿಗೆ ರಟ್ಟು ಕೊಟ್ಟು
ಕೂಸು ಮಲಗಿಸಿದಂತೆ ಮಲಗಿಸಿರುತ್ತೇನೆ.

ಬೆಲೆ ಕಟ್ಟುವುದೆಂದರೆ ಕಳೆಯುವ ಲೆಕ್ಕ.
ಪಿನ್ನಿಗೆ ತುಕ್ಕು: ಇಷ್ಟು ಕಳೆ.
ಬೆನ್ನುಮಡಿಕೆ ಸೀಳಿದೆ: ಇನ್ನಷ್ಟು.
ಯಾವನೋ ಹುಡುಗ ಮುಖಪುಟದ ಮೇಲೆ
ಪೆನ್ನಲ್ಲಿ ತನ್ನ ಹೆಸರು ಬರೆದು, ಕೆಳಗೆ ಗೆರೆ ಎಳೆದು,
‘ಮುಟ್ಟಿದರೆ ಹುಷಾರ್’ ಅಂದಿದ್ದಾನೆ.
ಆ ಪ್ರೀತಿಗೆ ಅರ್ಧ ಬೆಲೆ ಖೋತಾ.
ಯಾರೂ ಓದದೆ ಬಿಟ್ಟದ್ದಕ್ಕೇ ನಮ್ಮಲ್ಲಿ ಹೆಚ್ಚು ಹಣ.

ಮೂಲ ಹಾಳೆಗಳ ಮಾತು ಬೇರೆ.
ಅಚ್ಚಿಗೆ ಹೋಗುವ ಮುಂಚಿನವು, ದಪ್ಪ ಕಾಗದ,
ಮಸಿಯ ಕೆಳಗೆ ಅಳಿಸಿಯೂ ಅಳಿಯದ ಪೆನ್ಸಿಲು,
ಮಾತಿನ ಗುಳ್ಳೆಯ ಮೇಲೆ ಅಂಟಿಸಿದ ಚೀಟಿ,
ಅಂಟು ಈಗ ಜೇನಿನ ಬಣ್ಣ.
ಪ್ರಕಾಶನ ಮುಳುಗಿದಾಗ ಕಿಲೋ ಲೆಕ್ಕದಲ್ಲಿ
ರದ್ದಿಗೆ ಹೊರಟಿದ್ದವನ್ನು ನಮ್ಮಪ್ಪ ತಂದಿದ್ದ;
ಕೆಲವನ್ನು ಗ್ಯಾರೇಜಿನಲ್ಲಿ
ಕಾರಿನಡಿ ಎಣ್ಣೆ ತೊಟ್ಟಿಕ್ಕುವಲ್ಲಿ ಹಾಸಿದ್ದೂ ಉಂಟು.
ಈಗ ಒಂದೊಂದಕ್ಕೂ ಆ ಕಾರಿನ ಬೆಲೆ.

ಅವಳು ಬಂದದ್ದು ಮಧ್ಯಾಹ್ನ ಮೂರಕ್ಕೆ.
ಉಣ್ಣೆ ಟೋಪಿ, ಎಂಬತ್ತು ದಾಟಿದ ನಡಿಗೆ.
ಕೊಳ್ಳುವವಳಲ್ಲ ಅಂತ
ಕೈಚೀಲದಿಂದ ಇಣುಕಿದ ಈರುಳ್ಳಿ ಗರಿಯೇ ಹೇಳುತ್ತಿತ್ತು.
‘ಬ್ರಾಕಮೊಂತೆಯದು ಇದೆಯಾ?’ ಎಂದಳು.
ಗೌಚೊ ಸವಾರರ ಕಥೆಗಳಲ್ಲಿ ಪಳಗಿದ ದೊಡ್ಡ ಕೈ,
ಹೆಸರೆತ್ತಿದರೆ ಸಾಕು, ಮಿಲಾನಿನವರು ಫೋನು ಮಾಡುತ್ತಾರೆ.
ಪೆಟ್ಟಿಗೆಯ ತಳದಿಂದ ಒಂದು ತೆಗೆದು ತೋರಿಸಿದೆ:
ಸೇನೆಯ ತುಕಡಿ, ಕೊನೆಯಿಲ್ಲದ ಹುಲ್ಲು, ಹನ್ನೊಂದು ಕುದುರೆ.

ಕನ್ನಡಕ ಹಣೆಗೇರಿಸಿ, ಮೂಗು ತಾಗುವಷ್ಟು ಬಾಗಿ,
‘ಮುಖಗಳು ಅವನವು’ ಅಂದಳು.
‘ಕುದುರೆಯ ಮಂಡಿ ಯಾವ ಕಡೆ ಮಡಿಯುತ್ತದೆಂದು
ಅವನಿಗೆ ಕೊನೆಯವರೆಗೂ ಗೊತ್ತಾಗಲಿಲ್ಲ.
ಹೊಟ್ಟೆಯಿಂದ ಕೆಳಗೆ ನಾನು. ಹನ್ನೆರಡು ವರ್ಷ.
ಹಾಳೆಗೆ ಇಷ್ಟು ಅಂತ, ಶುಕ್ರವಾರ, ಲಕೋಟೆಯಲ್ಲಿ.
ಬಯಲಿನ ಕುದುರೆಗೆ ಲಾಳ ಎಲ್ಲಿಂದ ಬರಬೇಕು, ಹೇಳು?
ಮಾಲೀಕನಿಗೆ ಮಿಂಚಬೇಕಿತ್ತು, ಹೊಡೆದುಕೊಟ್ಟೆ.
ಗೊರಸೆತ್ತಿ ಅಡಿ ತೋರಿಸುವಲ್ಲೆಲ್ಲ ಎಣಿಸಿ ನೋಡು:
ಏಳು ಮೊಳೆ ಇರಬೇಕಾದಲ್ಲಿ ಆರು.
ಏಳನೆಯದು ನಾನು.’

ಭೂತಗನ್ನಡಿ ಹಿಡಿದು ಎಣಿಸಿದೆ. ಆರು.
ಇನ್ನೊಂದು ಹಾಳೆ. ಆರು.
ಹೆಸರು ಕೇಳಿದೆ: ನೆಲಿದಾ ಪುಸ್ತೆರ್ಲಾ.
ಏನೂ ಬೇಡಲಿಲ್ಲ.
ಮೂಲೆಯಲ್ಲಿ ಕಾಫಿ ಲೋಟ ಬಿಟ್ಟ ಉಂಗುರವನ್ನು
(ಅದಕ್ಕೆಂದೇ ನಾನು ನೂರು ಡಾಲರ್ ಕಳೆದಿದ್ದೆ)
ಬೆರಳಿಂದ ಒಂದು ಸುತ್ತು ಬಳಸಿ
‘ಇದು ಮಾತ್ರ ಅವನದೇ. ನನಗೆ ಕಾಫಿ ಆಗುವುದಿಲ್ಲ’
ಎಂದು ಹೊರಟಳು, ಈರುಳ್ಳಿ ಗರಿ ತೂಗುತ್ತ.

ರಾತ್ರಿ ಮಿಲಾನಿಗೆ ಫೋನು ಮಾಡಿದೆ.
ಅತ್ತ ಕಡೆ ಕೊಂಚ ಮೌನ, ಆಮೇಲೆ ವ್ಯವಹಾರದ ದನಿ:
‘ಸಹಾಯಕಿಯಾ? ಅರ್ಧಕ್ಕಿಳಿಯಿತು.
ಬರಹದಲ್ಲಿ ಏನಾದರೂ? ಇಲ್ಲ ತಾನೆ?
ಹಾಗಾದರೆ ನಿನಗದು ಕೇಳಿಸಲೇ ಇಲ್ಲ.’

ಮಗಳ ಹಲ್ಲಿಗೆ ತಂತಿ ಹಾಕಿಸಬೇಕು.
ತಗಡಿನಂಗಡಿಗೆ ಬಾಡಿಗೆ ಎರಡು ತಿಂಗಳು ಬಾಕಿ.
ಹಾಳೆ ಮಗುಚಿದೆ. ಹಿಂಬದಿ ಖಾಲಿ,
ಅಪ್ಪನ ಕಾರಿನ ಎಣ್ಣೆಯದೊಂದು ಚುಕ್ಕೆ.
ಅದರ ಪಕ್ಕದಲ್ಲಿ ಅವಳ ಹೆಸರು ಬರೆದೆ,
ಪೆನ್ಸಿಲಿನಲ್ಲಿ,
ರಬ್ಬರು ಸೋಕಿದರೆ ಹೋಗುವಷ್ಟು ತೆಳ್ಳಗೆ.