ಒಂದು ವಿಳಾಸ ಬಿಟ್ಟು

ಗುಂಡಿ ಒತ್ತಿದ್ರ ಮೂರು ಸಲ ಕೂಗತೈತಿ,
ಆಮ್ಯಾಲ ಸುಮ್ಮನ.
ಫ್ಯಾನ್ ತಿರುಗತೈತಿ, ಸಣ್ಣ ದೀಪ ಹತ್ತತೈತಿ,
ಪರದಿ ಮಾತ್ರ ರೊಟ್ಟಿ ಹಂಚಿನಂಗ ಕರ್ರಗ.

ಬಾಂಡ್ ಬರಿಯೋ ಅನಸೂಯಾ ತಳವಾರ
ಟಾವೆಲ್ಲಿನಾಗ ಸುತ್ತಿಕೊಂಡು ತಂದಿದ್ಲು,
ಹಸಗೂಸಿನ ಜ್ವರ ತೋರಸಾಕ ಬಂದಂಗ.
“ನಾಳೆ ಹನ್ನೊಂದಕ್ಕ ರಜಿಸ್ಟರ್ ಐತಿ, ಎಂಟು ಮಂದಿ ಸಹಿ.
ಇವತ್ತಽ ಎಬ್ಬಸು, ದಾವಲ್.”

ಸತ್ತಿಲ್ಲ ಅಕ್ಕಾ, ಅಂದೆ, ಸತ್ತದ್ದು ಕೂಗೂದಿಲ್ಲ.
ಮೂರು ಕೂಗು ಅಂದ್ರ ನೆನಪಿನ ತಕರಾರು.
“ಇದಕ್ಕೂನಾ?”
ಅಂತ ಸ್ಟೂಲ್ ಎಳಕೊಂಡು ಕುಂತ್ಲು.

ಹನ್ನೊಂದು ಸ್ಕ್ರೂ. ಹನ್ನೆರಡನೇದನ್ನ
ನನಗಿಂತ ಮೊದಲು ಯಾರೋ ತಿಂದಾರ.
ತಳ ತಗದ್ರ ಒಳಗ ಸಿಮೆಂಟಿನ ಧೂಳ,
ಚುರುಮರಿ ಎರಡು, ಒಂದು ಸ್ಟೇಪಲ್ ಪಿನ್ನು.
ಎರಡು ಪಟ್ಟಿ ಒಂದರ ಮ್ಯಾಲೊಂದು ಮಲಗಿದ್ವು,
ಕಿವಿ ಅಗಲಿಸಿದ ಕೂಡಲೇ ತಲಿ ಎತ್ತಿದ್ವು.
ಹಲ್ಲಿನ ಬಂಗಾರ ಮಾಸಿತ್ತು.
ಮಗಳ ಕಂಪಾಸಿನಾಗಿನ ರಬ್ಬರ್ ತಗೊಂಡು
ಸಾವಕಾಶ ತಿಕ್ಕಿದೆ.
“ಅಳಸೂದನ್ನ ಹಚ್ಚಿ ನೆನಪು ತರಸ್ತೀಯಲ್ಲೋ!”
ಇಪ್ಪತ್ತು ವರ್ಷದಿಂದ ತಿಕ್ಕೀನಿ,
ಇದು ನನ್ನ ತಲ್ಯಾಗ ಬಂದಿರಲಿಲ್ಲ.

ಒಂದನ್ನ ಹಾಕಿದೆ. ಎದ್ದಿತು.
ಅದನ್ನ ತಗದು ಇನ್ನೊಂದು ಹಾಕಿದೆ.
ಎದ್ದಂಗ ಮಾಡಿ, ನಾಕು ಹೆಜ್ಜಿ ಬಂದು,
ನೀಲಿ ಆಗಿ ಬಿತ್ತು.
ಸಿಕ್ಕ ಕಳ್ಳ.

ಪರೀಕ್ಷೆಗೆ ಹಚ್ಚಿದೆ. ಪರೀಕ್ಷೆ ಅಂದ್ರ ಇಷ್ಟಽ:
ಮನಿಮನಿಗೂ ಹೋಗಿ ಬಾಗಲಾ ಬಡದು
ಒಂದೊಂದು ಅಂಕಿ ಇಟ್ಟು ಬರೂದು,
ತಿರುಗಿ ಹೋಗಿ, ಇಟ್ಟದ್ದು ಕೊಡ್ರಿ, ಅನ್ನೂದು.
ಕೋಟಿಗಟ್ಟಲೆ ಮನಿ.
ಚಾ ತರಿಸಿದೆ. ಬಾಜೂ ಅಂಗಡಿ ಶಟರ್ ಬಿತ್ತು.
ಎಲ್ಲಾರೂ ಕೊಟ್ರು,
ಒಂದು ಮನಿ ಮಾತ್ರ ಕೊಡಲಿಲ್ಲ.
ಕೆಂಪು ಗೆರಿ. ಮತ್ತೊಮ್ಮೆ ಕೇಳಿದ್ರೂ
ಅದಽ ವಿಳಾಸ, ಅದಽ ಕೆಂಪು.

“ಅಲ್ಲಿ ಯಾರಿದ್ರು?”
ಯಾರಿಲ್ಲ ಅಕ್ಕಾ, ಖಾಲಿ ಜಾಗ.
“ಖಾಲಿ ಜಾಗ ಅಂತ ನನ್ನ ಮುಂದ ಹೇಳಬ್ಯಾಡ,
ದಿನಾ ಅದನ್ನಽ ಬರೀತೀನಿ.”

ಆಮ್ಯಾಲ ತಾನಽ ಶುರು ಮಾಡಿದ್ಲು.
ಹಳೇ ಬಾಗಲಕೋಟಿಯೊಳಗ ಹುಣಸಿ ಓಣಿ ಅವರದು.
ನೀರು ಬಂತು, ನವನಗರ ಬಂತು,
ಸೆಕ್ಟರ್ ಬಂತು, ಪ್ಲಾಟ್ ನಂಬರ್ ಬಂತು.
ಕಡೇ ಸಲ ಹೆಳವ ಬಂದಾಗ ಎತ್ತು ಹಿಡಕೊಂಡು
ಮೂರು ಸೆಕ್ಟರ್ ಅಡ್ಡಾಡಿ ಮನಿ ಹುಡಿಕ್ಯಾನಂತ,
ನೀರು ಕುಡದು, ಏಳು ತಲಿ ಹೆಸರು
ಒಂದೂ ಬೀಪ್ ಇಲ್ಲದ ಹೇಳಿ, ಜ್ವಾಳ ತಗೊಂಡು ಹ್ವಾದ್ನಂತ.

“ಬ್ಯಾಸಿಗ್ಯಾಗ ನೀರು ಸರದ್ರ ನಮ್ಮ ಕಟ್ಟಿ ಕಾಣತೈತಿ.
ಒಮ್ಮೆ ಹೋಗಿದ್ದೆ.
ಕಟ್ಟಿ ಮ್ಯಾಲ ಯಾರೋ ಮೀನ ಒಣ ಹಾಕಿದ್ರು.
ಇದು ನಮ್ಮನಿ ಅಂತ ಅನ್ನಲಿಲ್ಲ.
ಅರ್ಧ ಕೇಜಿ ತಗೊಂಡು ಬಂದೆ.”

ಚಾ ಆರಿತ್ತು.

ಹೊಸಾ ಪಟ್ಟಿ ಹುಬ್ಬಳ್ಳಿಯಿಂದ ಬರಬೇಕು, ಎರಡು ದಿನ.
ಅಲ್ಲೀತನಕ ಅಂತ ಯಂತ್ರಕ್ಕ ಬರದು ಹೇಳಿದೆ:
ಎಲ್ಲಾ ಕಡೆ ಹೋಗು, ಆ ಒಂದು ವಿಳಾಸಕ್ಕ ಹೋಗಬ್ಯಾಡ,
ಅಲ್ಲಿ ಏನೂ ಇಡಬ್ಯಾಡ, ಏನೂ ಕೇಳಬ್ಯಾಡ.
ಎರಡೂ ಪಟ್ಟಿ ಕೂಡಿಸಿ ಗುಂಡಿ ಒತ್ತಿದೆ.
ಕೂಗಲಿಲ್ಲ.
ವಾಟ್ನಿ ಪತ್ರ ಎದ್ದು ಬಂತು, ಎಂಟು ಹೆಸರು,
ಚೆಕ್ಕುಬಂದಿ ಸೈತ.

“ಎಷ್ಟು?” ನಾಕನೂರು. “ಮೂರನೂರು.”
ಮೂರನೂರಾ ಐವತ್ತಕ್ಕ ಮುಗೀತು.
ರಸೀದಿಗೆ ವಿಳಾಸ ಕೇಳಿದೆ.
ಸೆಕ್ಟರ್ ಹೇಳಿದ್ಲು, ಪ್ಲಾಟ್ ಹೇಳಿದ್ಲು.
ಪೆನ್ನಿಗೆ ಟೊಪಗಿ ಹಾಕಾಕ ಹೋದೆ.
“ತಡಿ. ಕೆಳಗ ಹುಣಸಿ ಓಣಿ ಅಂತ ಬರಿ.”

ಅದಕ್ಕ ಕಾಲಂ ಇರಲಿಲ್ಲ.
ಅಂಚಿನಾಗ ಬರದೆ.