ಸೊನ್ನೆ ಟಿಕೆಟ್ಟು

ಗಂಡನ ಗೋಡೌನು ಅತ್ತಿಬೆಲೆಗೆ ಹೋಯಿತು.
ನನ್ನ ಕಾರ್ಖಾನೆ ಪೀಣ್ಯದಲ್ಲೇ ಉಳಿಯಿತು.
ನಡುವೆ ಇಡೀ ಬೆಂಗಳೂರು
ದಾರಿಗಡ್ಡ ಮಲಗಿದ ಎಮ್ಮೆಯ ಹಾಗೆ,
ಎಬ್ಬಿಸಿದರೂ ಏಳದು, ಸುತ್ತಿದರೂ ಮುಗಿಯದು.

ಲಗ್ಗೆರೆಯ ಓನರು ಅದೇ ತಿಂಗಳು ಬಾಡಿಗೆ ಏರಿಸಿದ.
ಸಾವಿರ ಜಾಸ್ತಿ, "ನೀರಿಂದು ಬೇರೆ" ಅಂದ,
ಹಲ್ಲು ಚುಚ್ಚಿಕೊಳ್ಳುತ್ತ.

ಆರನೇ ಕ್ಲಾಸಿನ ಇಂಚರ ಕೈವಾರ ತಂದಳು.
ಹಾಲಿನಂಗಡಿಯ ಕ್ಯಾಲೆಂಡರಿನ ಬೆನ್ನಿಗೆ ಊರು ಬರೆದು
ಅಪ್ಪನ ಮೇಲೊಮ್ಮೆ ಮುಳ್ಳೂರಿ, ಅಮ್ಮನ ಮೇಲೊಮ್ಮೆ ಊರಿ,
"ಒಂದು ಗಂಟೆ ಅಂದ್ರೆ ಇಷ್ಟು" ಎಂದು
ಎರಡು ವೃತ್ತ ಎಳೆದಳು.
ಅವು ಮುಟ್ಟಿಕೊಂಡದ್ದು ಲಾಲ್‌ಬಾಗಿನ ಬಂಡೆಯ ಮೇಲೆ.
"ಅಲ್ಲಿ ಬಾಡಿಗೆಗೆ ಸಿಗುತ್ತಾ?" ಕೇಳಿದ ಗಂಡ.
ನಕ್ಕೆವು. ಒಲೆ ಮೇಲೆ ಅನ್ನ ಸೀದಿತ್ತು.

ಭಾನುವಾರಗಳೆಲ್ಲ
ಬ್ರೋಕರ್ ರಾಮಾಂಜಿಯ ಸ್ಕೂಟರಿನ ಹಿಂದೆ ನಮ್ಮ ಸ್ಕೂಟರು.
ರಾಮಾಂಜಿಯ ಲೋಕದಲ್ಲಿ ಎಲ್ಲವೂ ಹತ್ತು ನಿಮಿಷ.
ಮೇನ್ ರೋಡು ಹತ್ತು ನಿಮಿಷ, ಸ್ಕೂಲು ಹತ್ತು ನಿಮಿಷ,
ಆಸ್ಪತ್ರೆ, ಮೆಟ್ರೋ, ಮಾರಮ್ಮನ ಗುಡಿ, ಸ್ಮಶಾನ,
ಎಲ್ಲ ಹತ್ತೇ ನಿಮಿಷ, ಮೇಡಂ.
ಯಾವ ಗಡಿಯಾರದಲ್ಲಿ ಅಂತ ಹೇಳುವುದಿಲ್ಲ.

ಹೊಲಿಗೆ ಬಿಟ್ಟಲ್ಲಿ ಕೆಂಪು ಸ್ಟಿಕರು ಅಂಟಿಸುವುದು ನನ್ನ ಕೆಲಸ,
ಚೆಕಿಂಗ್ ಸೆಕ್ಷನ್ನು, ದಿನಕ್ಕೆ ಎಂಟುನೂರು ಅಂಗಿ.
ಮನೆಗಳನ್ನೂ ಹಾಗೇ ನೋಡಿದೆ.
ಹೆಬ್ಬಗೋಡಿಯಲ್ಲಿ ಕಿಟಕಿ ತೆರೆದರೆ ಪಕ್ಕದವರ ಗೋಡೆ.
"ಸೊಳ್ಳೆ ಕೂಡ ಬರಲ್ಲ" ಅಂದ ರಾಮಾಂಜಿ.
ಚಂದಾಪುರದಲ್ಲಿ ಬಾಲ್ಕನಿ ಇತ್ತು, ಎದುರಿಗೆ ಕೆರೆಯೂ ಇತ್ತು,
ಮೂಗಿಗೆ ಮೊದಲು ಸಿಕ್ಕಿತು, ಕಣ್ಣಿಗೆ ಆಮೇಲೆ.
ಆನೇಕಲ್ ಕಡೆ ಮನೆ ದೊಡ್ಡದು, ಬಾಡಿಗೆ ಚಿಕ್ಕದು,
ಆ ದಾರಿಗೆ ಕೊನೆಯ ಬಸ್ಸು ಏಳೂವರೆಗೆ.
ನನ್ನ ಶಿಫ್ಟು ಬಿಡುವುದೇ ಆರಕ್ಕೆ.

ನೆರಳೂರಿನಲ್ಲಿ ಒಂದಿತ್ತು. ಆರೂವರೆ ಸಾವಿರ, ಅಡ್ವಾನ್ಸು ನಲವತ್ತು.
ಓನರು ಸುಬ್ಬಕ್ಕ ನಲ್ಲಿ ತಿರುಗಿಸಿ ತೋರಿಸಲಿಲ್ಲ;
"ನಾಕು ದಿನಕ್ಕೊಂದ್ಸಲ ಬರುತ್ತೆ, ಸುಳ್ಯಾಕೆ" ಅಂದಳು.
ಆ ಒಣಗಿದ ನಲ್ಲಿಗೆ ನಾನು ಸ್ಟಿಕರು ಅಂಟಿಸಲಿಲ್ಲ.

ರಾತ್ರಿ ಲೆಕ್ಕ. ಇಂಚರಳ ನೋಟುಬುಕ್ಕಿನ ಕೊನೆಯ ಹಾಳೆ.
ನಾವು ಇಲ್ಲೇ ಇದ್ದು ಅವನು ಓಡಾಡಿದರೆ:
ಪೆಟ್ರೋಲು, ಇಲ್ಲವೇ ಪಾಸು,
ಮೆಟ್ರೋ ಆದರೆ ದಿನಕ್ಕೊಂದು ಲೀಟರ್ ಅಡುಗೆ ಎಣ್ಣೆ.
ನಾವು ಅಲ್ಲಿಗೆ ಹೋಗಿ ನಾನು ಓಡಾಡಿದರೆ:
ಸೊನ್ನೆ.
ಹೆಂಗಸರಿಗೆ ಬಸ್ಸು ಫ್ರೀ ಅಲ್ಲವೇ.

ಪೆನ್ನು ಅಲ್ಲೇ ನಿಂತಿತು.
ಲೋಹಿತಾಶ್ವ ಕೆಟ್ಟವನಲ್ಲ.
"ಬಿಟ್ಬಿಡು, ಆ ಕಡೆನೂ ಗಾರ್ಮೆಂಟ್ಸ್ ಇದೆ" ಅಂದ.
ಹದಿನಾಲ್ಕು ತಿಂಗಳು ತಳ್ಳಿದರೆ ಗ್ರಾಚ್ಯುಟಿ, ಅಂದೆ.
ಅದನ್ನೂ ಬರೆದುಕೊಂಡ.
ನಿದ್ದೆಯನ್ನು ಯಾವ ಸಾಲಿನಲ್ಲಿ ಬರೆಯಬೇಕೋ
ಇಬ್ಬರಿಗೂ ಗೊತ್ತಾಗಲಿಲ್ಲ.

ಈಗ ನಾಲ್ಕಕ್ಕೆ ಏಳುತ್ತೇನೆ.
ಸುಬ್ಬಕ್ಕನ ನಾಯಿ ಹೈವೇವರೆಗೂ ಬಂದು
ಠಾಣೆಯ ಸರಹದ್ದು ಮುಗಿದ ಪೇದೆಯಂತೆ ಹಿಂದಿರುಗುತ್ತದೆ.
ಆ ಹೊತ್ತಿಗೆ ಸಿಲ್ಕ್ ಬೋರ್ಡು ಗುಡಿಸಿಟ್ಟ ಅಂಗಳ.
ಸಂಜೆ ಅದೇ ಜಾಗದಲ್ಲಿ ಕೂತು
ಒಂದು ಸ್ವೆಟರಿನ ತೋಳು ಹೆಣೆಯಬಹುದು.
ಹೆಣೆದಿದ್ದೇನೆ.
ಕಂಡಕ್ಟರು ಮುಖ ನೋಡದೆ ಚೀಟಿ ಹರಿದು ಕೊಡುತ್ತಾನೆ,
ಮೆಜೆಸ್ಟಿಕ್ಕಿನವರೆಗೆ ಒಂದು ಸೊನ್ನೆ,
ಅಲ್ಲಿಂದಾಚೆಗೆ ಇನ್ನೊಂದು.

ಬ್ಯಾಗಿನ ತಳದಲ್ಲಿ ಮುದುಡಿದ ಚೀಟಿಗಳನ್ನು
ಇಂಚರ ಆರಿಸಿ, ನೀವಿ, ಪುಸ್ತಕದಲ್ಲಿಡುತ್ತಾಳೆ.
ಮೊನ್ನೆ ಕೇಳಿದಳು,
"ಅಮ್ಮಾ, ನಿನ್ ಫ್ಯಾಕ್ಟ್ರಿ ಇಲ್ಲಿಂದ ಎಷ್ಟು ದೂರ?"
ಹತ್ತೇ ನಿಮಿಷ, ಅಂದೆ.
ಮಲಕ್ಕೋ ಈಗ. ನಾಳೆ ನೀರು ಬರೋ ದಿನ,
ಬಿಂದಿಗೆ ಹೊರಗಿಟ್ಟಿದ್ದೀಯಾ?