ಗಾಳಿ ಐತೆ, ಆದ್ರೂ ಹೊಗೆ

ಚಮನ್ ಸಾಬರು ಕೇಳಿದ್ದು ಒಂದೇ ಪ್ರಶ್ನೆ,
ಅದೂ ರಿಪೋರ್ಟಿನ ಲಕೋಟೆ ತೊಡೆಯ ಮೇಲಿಟ್ಟುಕೊಂಡು,
ಭಟ್ಟಿಯ ಬಾಯಿಗೆ ಬೆನ್ನು ಮಾಡಿ ಕೂತು:
"ಒಳಗೆ ಗಾಳಿ ಐತಲ್ರೀ ಮೇಡಮ್ಮರೆ,
ಮತ್ಯಾಕೆ ಅದು ಅರ್ಧಂಬರ್ಧ ಉರೀತತೆ?"

ಇಪ್ಪತ್ತೆರಡು ವರ್ಷ ಇದನ್ನೇ ಪಾಠ ಮಾಡಿದ್ದೇನೆ,
ಕಾಲೇಜಿನ ಎರಡನೇ ಮಹಡಿ, ಸೀಮೆಸುಣ್ಣ, ಬಾಣದ ಗುರುತು.
ಯಾವ ಹುಡುಗನೂ ಹೀಗೆ ಕೇಳಿರಲಿಲ್ಲ.
ಪರೀಕ್ಷೆಗೆ ಬರುತ್ತಾ ಮೇಡಂ, ಅಂದವರೇ ಎಲ್ಲ.

ದಾವಣಗೆರೆಯ ಈ ಓಣಿಯಲ್ಲಿ
ನಸುಕಿಗೆ ಮೊದಲೇ ಮರಳು ಕಾಯುತ್ತದೆ.
ಉಪ್ಪುನೀರು ಕುಡಿದ ಅಕ್ಕಿ ಬಿಸಿ ಮರಳಿಗೆ ಬಿದ್ದು
ಎಣಿಸುವಷ್ಟರಲ್ಲಿ ಹೂವಾಗಿ ಏಳುತ್ತದೆ;
ಜರಡಿ, ಚೀಲ, ದಬ್ಬಳ, ಲಾರಿ.
ನಮ್ಮ ಟೆರೇಸಿನ ಬಟ್ಟೆಗೆಲ್ಲ ಕಪ್ಪು ಚುಕ್ಕಿ.
ಆ ಹೊಗೆಗೆ ಬೈಯುತ್ತಲೇ ನಾನು ಬೆಳೆದದ್ದು,
ಸಂಜೆ ಅದೇ ಮಂಡಕ್ಕಿಗೆ ಮೆಣಸಿನಕಾಯಿ ಕಚ್ಚುತ್ತ.

ಪೊಟ್ಟಣದ ಕಾಗದ ಬಿಡಿಸಿ, ಅದರ ಬೆನ್ನಿಗೆ ಮತ್ತೆ ಬರೆದೆ:
ಒಂದು ಸಕ್ಕರೆ. ನಿಧಾನಕ್ಕೆ, ಪೂರ್ತಿ ಸುಟ್ಟರೆ
ಮೂವತ್ತು ನಾಣ್ಯಕ್ಕೆ ಮೋಸವಿಲ್ಲ.
ಇದು ಹಾಗೆ ಮಾಡುವುದಿಲ್ಲ ಸಾಬರೆ.
ಎರಡೇ ಎರಡು ಎತ್ತಿಕೊಂಡು
ಉಳಿದದ್ದನ್ನು ಹುಳಿ ಮಾಡಿ ಹೊರಗೆ ಚೆಲ್ಲುತ್ತದೆ.
ಸಾಲದೆ ಬಂದರೆ ಗೋಡೆಯ ತುಂಬ ಬಾಗಿಲು ಕೊರೆದು
ಇನ್ನಷ್ಟು ಸಕ್ಕರೆ ಎಳೆದುಕೊಳ್ಳುತ್ತದೆ.

ಅವರು ನಕ್ಕರು. ನಗು ಕೆಮ್ಮಾಯಿತು.
"ದಡ್ಡ ಅಲ್ಲ ಬಿಡ್ರಿ ಅದು.
ಹಬ್ಬದ ಆರ್ಡರ್ ಬಂದಾಗ ನಾವೂ ಹಿಂಗೇ,
ಹೊಟ್ಟು ಪೂರ್ತಿ ಉರೀಲಿ ಅಂತ ಯಾರು ಕಾಯ್ತಾರೆ?
ಸುರೀತಾ ಇರಾದು. ಹೊಗೆ ಹೋದ್ರೆ ಹೋಗ್ಲಿ, ಮರಳು ಕಾದ್ರೆ ಆತು.
ಅರ್ಧ ಸುಟ್ಟ ಕರಿಹೊಟ್ಟು ಬಿಸಾಕ್ತೀವಿ ಅನ್ಕಂಡ್ರಾ?
ಇಟ್ಟಿಗೆ ಗೂಡಿನೋರು ಬಂದು ಒಯ್ತಾರೆ."

ನಾನು ಪೆನ್ನು ಕೆಳಗಿಟ್ಟೆ.
ಅದೇ. ಅದೇ ಉತ್ತರ.
ಪೂರ್ತಿ ಸುಟ್ಟರೆ ಉಳಿಯುವುದು ಉಸಿರು, ಒಂದಿಷ್ಟು ನೀರು;
ಅರ್ಧಕ್ಕೆ ನಿಲ್ಲಿಸಿದರೆ ಕೈಗೆ ಇಟ್ಟಿಗೆ ಸಿಗುತ್ತದೆ,
ಇನ್ನೊಂದು ಕೋಶದ ಗೋಡೆಗೆ, ಅದರ ಪಕ್ಕದ್ದಕ್ಕೆ,
ಅದರ ಪಕ್ಕದ್ದಕ್ಕೆ.
ಅದು ಊರು ಕಟ್ಟಲು ಹೊರಟಿದೆ.

ಲಕೋಟೆಯ ಚಿತ್ರ ಎತ್ತಿ ಬಿಸಿಲಿಗೆ ಹಿಡಿದೆ.
ಉಪವಾಸ ಕೆಡವಿ, ಗುರುತು ಹಚ್ಚಿದ ಸಕ್ಕರೆ ಸೂಜಿಯಲ್ಲಿ ಕೊಟ್ಟು,
ಒಂದು ತಾಸು ಮಾತಾಡಬೇಡಿ ಅಂದಿದ್ದರಂತೆ.
"ನಿಕಾ ದಿನಾನೂ ಇಷ್ಟೊತ್ತು ಸುಮ್ಕೆ ಕುಂತಿದ್ದಿಲ್ಲ ನಾನು."
ಮಿದುಳು ಹೊಳೆದಿದೆ, ಅದು ಸರಿ, ಅದಕ್ಕೆ ಸದಾ ಹಸಿವು.
ಮೂತ್ರದ ಚೀಲ ಹೊಳೆದಿದೆ, ಅದೂ ಸರಿ.
ಬಲ ಶ್ವಾಸಕೋಶದ ಮೇಲ್ತುದಿಯಲ್ಲಿ ಇದೊಂದು, ಗಜ್ಜುಗದಷ್ಟು.
"ಭಟ್ಟಿ ಕಿಂಡಿ ಇದ್ದಂಗೈತೆ," ಅಂದರು,
ಪಕ್ಕದ ಮನೆಯ ಒಲೆಯ ಬಗ್ಗೆ ಹೇಳಿದಂತೆ.

ಸೊಸೆ ಶಂಶಾದ್ ಚಹಾ ತಂದಳು. ಸಕ್ಕರೆ ಇರಲಿಲ್ಲ.
ಫೋನಿನಲ್ಲಿ ಯಾರೋ ಹೇಳಿದ್ದರು: ಸಿಹಿ ನಿಲ್ಲಿಸಿ, ಅದು ಸಾಯುತ್ತದೆ.
ಹೇಗೆ ಹೇಳಲಿ? ಬಾಯಿಗೆ ಬಾರದಿದ್ದರೆ
ಯಕೃತ್ತು ತೋಳಿನ ಮಾಂಸ ಕರಗಿಸಿ ಸಕ್ಕರೆ ಮಾಡುತ್ತದೆ,
ಅದು ಉಗುಳಿದ ಹುಳಿಯನ್ನೂ ಬಳಿದು ತಂದು
ಕೈಯಿಂದ ಆರು ಖರ್ಚು ಹಾಕಿ ಮತ್ತೆ ಸಿಹಿ ಮಾಡಿ ಕಳಿಸುತ್ತದೆ,
ಅದು ಎರಡು ಗಳಿಸಲಿ ಅಂತ.
ಅವರ ಅಂಗಿಯ ತೋಳು ಈಗಾಗಲೇ ಜೋಲುತ್ತಿತ್ತು.
ಇಷ್ಟನ್ನೂ ಹೇಳಲಿಲ್ಲ.
"ಒಂದು ಚಮಚ ಹಾಕಮ್ಮ," ಅಂದೆ.

ಅವಳು ನನ್ನ ಮುಖ ನೋಡಿದಳು, ಆಮೇಲೆ ಮಾವನದ್ದು.
ಗ್ಲಾಸಿಗೆ ಚಮಚ ತಾಗಿದ ಸದ್ದು.
ಅವರು ಕಣ್ಣು ಮುಚ್ಚಿ ಕುಡಿದರು,
ಅರ್ಧ ಉಳಿಸಿ ಮೊಮ್ಮಗನಿಗೆ ಕೊಟ್ಟು
"ಕಿಂಡಿ ತೆಗಿಯೋ," ಎಂದು ಭಟ್ಟಿಯ ಕಡೆ ಕೂಗಿದರು,
"ಗಾಳಿ ಆಡ್ಲಿ. ಮೇಡಮ್ಮರು ಹೋಗೋವರೆಗಾದ್ರೂ
ಸರಿಯಾಗಿ ಉರೀಲಿ."